ಹನ್ನೆರಡನೆಯ ಕಾಲಂ

ಹೋದ ತಿಂಗಳು ತೀರಿಕೊಂಡ ನನ್ನ ಸಹೋದ್ಯೋಗಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಅವರು, ‘ಅಕ್ಕಾರ, ನನ್ನ ಲಿಖಿತ ಒಪ್ಪಿಗಿ ತಗೊಂಡೀರೇನು?’ ಎಂದು ಕೇಳುತ್ತಿದ್ದರು. ಈಗ ಒಪ್ಪಿಗೆ ಪಡೆಯುವ ದಾರಿಯಿಲ್ಲ. ಆದ್ದರಿಂದ ಈ ಬರಹದಲ್ಲಿ ಅವರು ಬರೀ ‘ಅವರು’.

ಇಪ್ಪತ್ತಾರು ವರ್ಷ ಸಿಕಂದರಾಬಾದಿನ ರೈಲ್ವೆ ಕಚೇರಿಯೊಂದರಲ್ಲಿ ನನ್ನ ಮೇಜಿನ ಎಡಕ್ಕೆ ಅವರ ಮೇಜಿತ್ತು. ನಾನು ಹೆಡ್ ಕ್ಲರ್ಕ್. ಅವರು ರೋಸ್ಟರ್ ಕ್ಲರ್ಕ್. ಅಂದರೆ ಪಾಯಿಂಟ್ಸ್‌ಮನ್, ಗೇಟ್‌ಮನ್‌ಗಳಿಗೆ ಯಾವ ವಾರ ಯಾವ ಪಾಳಿ, ಯಾವ ದಿನ ರಜೆ ಎಂದು ಪಟ್ಟಿ ಬರೆಯುವವರು. ನಾನು ರಾಯಚೂರಿನ ಮಾಸ್ತರರೊಬ್ಬರ ಮಗಳು. ನಾಲ್ಕೂಮುಕ್ಕಾಲಿಗೆ ಏಳುವುದು, ಐದೂಕಾಲಿಗೆ ಪೂಜೆ, ಎಂಟಕ್ಕೆ ಡಬ್ಬಿ ಕಟ್ಟುವುದು. ತಂದೆ ಹಾಕಿಕೊಟ್ಟ ಈ ಟೈಂಟೇಬಲ್ ಈಗಲೂ ಮನೆಯಲ್ಲಿ ಜಾರಿಯಲ್ಲಿದೆ. ಅವರು ಬೀದರ ಕಡೆಯ ಕ್ರೈಸ್ತರು. ಇಬ್ಬರ ಮನೆಯೂ ಮಲ್ಕಾಜ್‌ಗಿರಿಯಲ್ಲಿ. ಬೆಳಗಿನ ಒಂದೇ ಲೋಕಲ್ ಗಾಡಿ, ಒಂದೇ ಬೋಗಿ, ಎದುರುಬದುರು ಕಿಟಕಿ.

ಎತ್ತರದ ಆಳು. ಕೊಡೆಯನ್ನು ಬೇಸಿಗೆಯಲ್ಲೂ ಬಿಡುತ್ತಿರಲಿಲ್ಲ. ‘ಮಳಿ ಯಾವಾಗ ಬರ್ತೈತೋ ಯಾರಿಗೆ ಗೊತ್ತು?’ ಎನ್ನುತ್ತಿದ್ದರು, ಮೇ ತಿಂಗಳ ಸಿಕಂದರಾಬಾದಿನಲ್ಲಿ. ಅಂಗಿಯ ಕಿಸೆಯಲ್ಲಿ ಎರಡು ಪೆನ್ಸಿಲ್: ಕಚೇರಿಗೆ ನೀಲಿ, ಚರ್ಚಿನ ಸಭೆಗೆ ಕೆಂಪು. ಒಂದನ್ನು ಇನ್ನೊಂದರ ಕೆಲಸಕ್ಕೆ ಬಳಸಿದ್ದನ್ನು ನಾನು ಕಂಡಿಲ್ಲ. ಹಾಡುವ ಹುಚ್ಚು ಭಾಳ. ಶ್ರುತಿ ಮಾತ್ರ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಗಾಡಿಯಲ್ಲಿ ಅವರು ಕೀರ್ತನೆ ಗುನುಗಲು ಶುರುಮಾಡಿದರೆ ನಾನು ಕಿಟಕಿಯ ಷಟರ್ ಎತ್ತಿ ಹೊರಗಿನ ಸದ್ದನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು. ‘ಗಾಳಿ ಬೇಕೇನ್ರಿ ಅಕ್ಕಾರ?’ ಎಂದು ಕೇಳಿ, ಇನ್ನೂ ಗಟ್ಟಿಯಾಗಿ ಹಾಡುತ್ತಿದ್ದರು.

ಪ್ರತಿ ಜನವರಿಯಲ್ಲಿ ನಾಂಪಲ್ಲಿಯ ಪ್ರದರ್ಶನಕ್ಕೆ ಸಂಸಾರಸಮೇತ ಹೋಗುತ್ತಿದ್ದರು. ಹೆಂಡತಿ ಮಕ್ಕಳು ಅಂಗಡಿಗಳನ್ನು ಸುತ್ತುವಾಗ ಇವರು ಗೇಟಿನ ಬಳಿ ನಿಂತು ‘ರಕ್ಷಣೆ ಉಚಿತ’ ಎಂಬ ಕರಪತ್ರ ಹಂಚುವುದು ವಾಡಿಕೆ. ಒಂದು ಕಡೆ ಕನ್ನಡ, ಹಿಂದೆ ತೆಲುಗು ಮತ್ತು ಉರ್ದು. ಒಮ್ಮೆ ನಾನು ಉಪ್ಪಿನಕಾಯಿಯ ಭರಣಿ ಕೊಂಡು ಹೊರಬರುತ್ತಿದ್ದಾಗ ಬುರ್ಖಾ ತೊಟ್ಟ ಅಜ್ಜಿಯೊಬ್ಬಳು ಅವರ ಮುಂದೆ ಚೀಲ ಹಿಡಿದು ನಿಂತಿದ್ದಳು.

‘ಮುಫ್ತ್ ಹೈ ತೋ ದೋ ದೇ ದೋ ಭಾಯ್. ಕೌನ್ಸೇ ಸ್ಟಾಲ್ ಪೇ ಮಿಲ್ತಾ?’

ಬಿಟ್ಟಿ ಅಂದಮೇಲೆ ಎರಡು ಕೊಡು, ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳು, ಎಂದು ಅವಳ ಲೆಕ್ಕ. ಅವರು ನಗಲಿಲ್ಲ. ‘ಏಕ್ ಬಸ್ ಹೈ ಅಮ್ಮಾ’, ಒಂದೇ ಸಾಕು, ಎಂದು ಗಂಭೀರವಾಗಿ ಹೇಳಿ ಒಂದನ್ನೇ ಕೊಟ್ಟರು. ನನಗೂ ಒಂದು ಕೊಟ್ಟರು. ವರ್ಷಕ್ಕೊಂದೇ ಕೊಡುತ್ತಿದ್ದರು, ಅದರ ಬಗ್ಗೆ ಮುಂದೆ ಒಂದು ಮಾತೂ ಕೇಳುತ್ತಿರಲಿಲ್ಲ. ನಾನು ಅದನ್ನು ಕ್ರಮವಾಗಿ ಫೈಲಿಗೆ ಹಾಕುತ್ತಿದ್ದೆ. ಆ ಫೈಲು ಈಗಲೂ ಇದೆ.

ಆದರೆ ಮಲ್ಕಾಜ್‌ಗಿರಿಗೆ ಮರಳಿದ ಕೂಡಲೇ ಈ ಉಚಿತ ವಸ್ತುವಿಗೆ ಅವರು ಇಟ್ಟಿದ್ದ ನಿಯಮಾವಳಿ ನೋಡಬೇಕಿತ್ತು.

ಅಲ್ಲಿಯ ಒಂದು ಶಾಲೆಯ ಕೋಣೆಯಲ್ಲಿ ಭಾನುವಾರ ಕನ್ನಡ ಸಭೆ ಸೇರುತ್ತಿತ್ತು. ಬೀದರ, ಯಾದಗಿರಿ, ರಾಯಚೂರಿನಿಂದ ಬಂದ ಮೂವತ್ತು ಮನೆಗಳು. ಪಾಸ್ಟರ್ ಊರಿನ ಇನ್ನೊಂದು ತುದಿಯಲ್ಲಿದ್ದರು; ನಾಲ್ಕು ಸಭೆಗಳಿಗೆ ಅವರೊಬ್ಬರೇ. ದೀಕ್ಷಾಸ್ನಾನ ಬೇಕೆಂದವರು ಮೊದಲು ನಮ್ಮವರ ಬಳಿ ಹನ್ನೆರಡು ಪಾಠ ಕೇಳಬೇಕು. ಮೊದಲ ಪಾಠ ರಕ್ಷಣೆ. ಉಳಿದ ಹನ್ನೊಂದೂ ಶಿಷ್ಯತ್ವ: ಪ್ರಾರ್ಥನೆ, ಕ್ಷಮೆ, ನೆರೆಯವರ ಸೇವೆ, ಹೀಗೆ. ಎಲ್ಲ ಮುಗಿದ ಮೇಲೆ ಇವರು ಚೀಟಿಗೆ ಸಹಿ ಹಾಕಿದರೆ ಪಾಸ್ಟರ್ ತಲೆಯ ಮೇಲೆ ನೀರು ಹಾಕುತ್ತಿದ್ದರು. ಹನ್ನೆರಡು ಪಾಠ ಹನ್ನೆರಡು ಭಾನುವಾರ, ಬಿಡದೆ. ಒಂದು ಭಾನುವಾರ ತಪ್ಪಿತೋ, ಮತ್ತೆ ಮೊದಲನೇ ಪಾಠದಿಂದ.

ಈ ಕೊನೆಯ ನಿಯಮವನ್ನು ನನ್ನ ಮಸ್ಟರ್ ಪುಸ್ತಕದಿಂದ ಕಲಿತದ್ದೆಂದು ಅವರು ಹೇಳಿಕೊಳ್ಳುತ್ತಿದ್ದರು. ಕಚೇರಿಯಲ್ಲಿ ಹತ್ತೂ ಹತ್ತು ಆದ ಕೂಡಲೇ ಹಾಜರಿಯ ಆ ಪುಸ್ತಕ ನನ್ನ ಮೇಜಿಗೆ ಬರುತ್ತಿತ್ತು. ಆಮೇಲೆ ಬಂದವರ ಹೆಸರಿನ ಮುಂದೆ ಕೆಂಪು ಗೆರೆ. ಮೂರು ಗೆರೆಗೆ ಒಂದು ಸಿ.ಎಲ್. ರಜೆ ಕಡಿತ. ಅತ್ತರೂ ಬಿಡುತ್ತಿರಲಿಲ್ಲ. ನನ್ನ ಪದ್ಧತಿ ದೇವರ ಕೆಲಸಕ್ಕೂ ಉಪಯೋಗವಾಯಿತೆಂದು ಒಳಗೊಳಗೇ ಹೆಮ್ಮೆಪಟ್ಟೆ. ಅವರ ತರಗತಿಯ ಮೊದಲ ರಿಜಿಸ್ಟರಿಗೆ ಗೆರೆ ಹಾಕಿಕೊಟ್ಟವಳೂ ನಾನೇ. ‘ನಿಮ್ಮ ಗೆರಿ ಸೀದಾ ಬರ್ತಾವರಿ, ಅಕ್ಕಾರ’ ಎಂದು ಉದ್ದನೆಯ ಪುಸ್ತಕ ತಂದಿಟ್ಟಿದ್ದರು. ಹೆಸರಿಗೊಂದು ಕಾಲಂ, ಪಾಠಕ್ಕೆ ಹನ್ನೆರಡು.

ಹೆಮ್ಮೆ ಇದ್ದರೂ ಕೆಣಕದೆ ಬಿಡುತ್ತಿರಲಿಲ್ಲ.

‘ಅಲ್ರೀ, ಕರಪತ್ರದ ಮ್ಯಾಲ ಉಚಿತ ಅಂತ ಬರೀತೀರಿ. ಬಾಗಿಲಿಗೆ ಹನ್ನೆರಡು ಕೀಲಿ ಜಡೀತೀರಿ. ಇದ್ಯಾವ ನ್ಯಾಯ?’

‘ರಕ್ಷಣೆ ಉಚಿತಾನರಿ, ಅಕ್ಕಾರ. ಶಿಷ್ಯತ್ವ ಉಚಿತ ಅಲ್ಲ. ರೈಲ್ವೆ ನೌಕರಿ ಸಿಕ್ಕಿತು ಅಂತ ಡ್ಯೂಟಿಗೆ ಬರದ ಮನ್ಯಾಗ ಕುಂದ್ರಾಕ ಆಗ್ತೈತೇನು?’

‘ನೌಕರಿ ಕೊಟ್ಟಮ್ಯಾಲ ಡ್ಯೂಟಿ ಹಾಕ್ತಾರ. ನೀವು ಹನ್ನೆರಡು ವಾರ ಡ್ಯೂಟಿ ಮಾಡಿಸಿ ಆಮ್ಯಾಲ ನೌಕರಿ ಕೊಡ್ತೀರಿ.’

ಅವರು ಕೊಡೆಯನ್ನು ಈ ಮೊಣಕಾಲಿನಿಂದ ಆ ಮೊಣಕಾಲಿಗೆ ಬದಲಿಸಿದರು. ವಾದದಲ್ಲಿ ಸೋತಾಗಿನ ಚಿಹ್ನೆ ಅದು.

ತಿಪ್ಪಣ್ಣ ಎಂಬ ಪಾಯಿಂಟ್ಸ್‌ಮನ್ ಅವರ ತರಗತಿಗೆ ಸೇರಿದ್ದು ಆ ದಿನಗಳಲ್ಲೇ. ಯಾದಗಿರಿ ಕಡೆಯವನು, ಮೂವತ್ತರ ಆಸುಪಾಸು, ಒಂಟಿ ಮನುಷ್ಯ, ಮಾತು ಕಡಿಮೆ. ಹಳಿ ಬದಲಿಸುವ ಕೆಲಸ. ವಾರಕ್ಕೊಂದು ಪಾಳಿ, ವಾರದ ರಜೆಯೂ ಸರದಿಯಂತೆ ಬದಲು: ಕೆಲವು ವಾರ ಭಾನುವಾರ, ಆಮೇಲೆ ಸೋಮವಾರ. ಆರು ಪಾಠ ಮುಗಿಸುವಷ್ಟರಲ್ಲಿ ಭಾನುವಾರ ಹಗಲು ಪಾಳಿ ಬಂತು. ನಮ್ಮವರು ಕೆಂಪು ಪೆನ್ಸಿಲ್ ತೆಗೆದು ಅವನ ಸಾಲಿಗೆ ಅಡ್ಡಗೆರೆ ಎಳೆದು, ಕೆಳಗೆ ಹೊಸದಾಗಿ ಅವನ ಹೆಸರು ಬರೆದರು. ಮತ್ತೆ ಒಂದನೇ ಪಾಠ. ಎರಡನೇ ಸಲ ಏಳಕ್ಕೆ ನಿಂತಿತು. ಮೂರನೇ ಸಲ ಐದಕ್ಕೆ. ನಾಲ್ಕನೇ ಸಲ ಒಂಬತ್ತರವರೆಗೆ ಬಂದು ಮತ್ತೆ ಪಾಳಿಗೆ ಸಿಕ್ಕಿಬಿದ್ದ.

ಅವನು ಒಮ್ಮೆಯೂ ದೂರಲಿಲ್ಲ. ನಾನು ದೂರಿದೆ.

‘ಅವನ ಡ್ಯೂಟಿ ಪಟ್ಟಿ ಬರೆಯೋರು ಯಾರ್ರೀ?’ ಎಂದು ಊಟದ ಹೊತ್ತಿಗೆ ಕೇಳಿದೆ.

‘ನಾನ.’

‘ಅವ ಗೈರುಹಾಜರಿ ಅಂತ ಗೆರಿ ಎಳೆಯೋರು?’

‘ನಾನ.’

‘ನೀಲಿ ಪೆನ್ಸಿಲ್‌ನಿಂದ ಭಾನುವಾರ ಡ್ಯೂಟಿಗೆ ಹಚ್ಚತೀರಿ. ಕೆಂಪು ಪೆನ್ಸಿಲ್‌ನಿಂದ ಯಾಕ ಬರಲಿಲ್ಲ ಅಂತೀರಿ. ಪಾಪ, ನಾಲ್ಕು ಸಲ ರಕ್ಷಣೆ ಆಗ್ಯದ ಅವಗ. ಶಿಷ್ಯತ್ವ ಒಮ್ಮಿನೂ ಮುಗಿದಿಲ್ಲ.’

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಎರಡೂ ಪುಸ್ತಕಗಳನ್ನು ವರ್ಷಗಟ್ಟಲೆ ತಾವೇ ಬರೆಯುತ್ತಿದ್ದರೂ ಅವನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನಮ್ಮಂಥವರ ಪಾಡೇ ಅದು. ಒಂದೊಂದು ಪುಸ್ತಕವೂ ತಪ್ಪಿಲ್ಲದೆ ಇದ್ದರೆ ಸಾಕು, ನಿದ್ದೆ ಬರುತ್ತದೆ.

‘ಅವಗ ಎಲ್ಲಾ ಭಾನುವಾರ ರಜಾ ಕೊಟ್ರ ಇನ್ನೊಬ್ಬನ ಭಾನುವಾರ ಕಸ್ಕೋಬೇಕಾಗ್ತೈತ್ರಿ. ಆ ಇನ್ನೊಬ್ಬಗೂ ಹೆಂಡ್ತಿ ಮಕ್ಕಳದಾರ.’

‘ಹಂಗಾದ್ರ ತಪ್ಪಿದ್ರ ಮತ್ತ ಒಂದರಿಂದ ಅನ್ನೋ ರೂಲು ಬಿಡ್ರಿ.’

‘ಇವನೊಬ್ಬನ ಸಲುವಾಗಿ ಬಿಟ್ರ, ಉಳದವರಿಗೆ ಏನ್ ಹೇಳಲಿ?’

ಇಂಥ ವಾಕ್ಯ ನಾನೂ ಸಾವಿರ ಸಲ ಆಡಿದ್ದೇನೆ. ತಿಪ್ಪಣ್ಣ ಐದನೇ ಸಲ ಒಂದನೇ ಪಾಠಕ್ಕೆ ಕೂತ.

ಈ ಸಲವೂ ಒಂಬತ್ತು ಮುಗಿದವು. ಹತ್ತನೆಯ ವಾರ, ಒಂದು ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಅವರು ಕೊಡೆ ಇಲ್ಲದೆ ನನ್ನ ಮೇಜಿನ ಮುಂದೆ ಬಂದು ನಿಂತರು. ಆಸ್ಪತ್ರೆಯಿಂದ ಬಂದಿದ್ದರು. ತಿಪ್ಪಣ್ಣನ ಕರುಳು ತಿರುಚಿಕೊಂಡಿತ್ತು. ಮರುದಿನ ಬೆಳಿಗ್ಗೆ ಆಪರೇಷನ್. ಉಳಿಯುವ ಭರವಸೆ ಡಾಕ್ಟರು ಕೊಟ್ಟಿರಲಿಲ್ಲ. ಅವನು ಕೇಳಿದ್ದು ಒಂದೇ: ಇವತ್ತು ನೀರು ಹಾಕಿಸಿರಿ, ಸಾರ್.

‘ಪಾಸ್ಟರು ಸಂಜಿಗೆ ಬರಾಕ ತಯಾರದಾರ. ಚೀಟಿ ಕೇಳ್ಯಾರ. “ಹನ್ನೆರಡು ಪಾಠ ಮುಗಿಸಿದ್ದಾನೆ” ಅಂತ ನಾನು ಸಹಿ ಮಾಡಬೇಕು. ಒಂಬತ್ತ ಮುಗದಾವರಿ, ಅಕ್ಕಾರ.’

ಚೀಟಿ ಕೈಯಲ್ಲೇ ಇತ್ತು. ಜೀವಮಾನದಲ್ಲಿ ಸುಳ್ಳು ಸಹಿ ಹಾಕಿದವರಲ್ಲ. ಹಾಕದಿದ್ದರೆ ಅವನು ಐದು ಸಲ ಬಾಗಿಲಿಗೆ ಬಂದು ಹೊರಗೇ ಉಳಿದು ಹೋಗುತ್ತಾನೆ. ಆ ಬಾಗಿಲಿನ ಕೀಲಿಗಳನ್ನು ಮಾಡಿದವರು ತಾವು ಎಂಬುದು ಅವರಿಗೆ ಗೊತ್ತಿತ್ತು. ನನಗೆ ಅವರ ದೇವರ ವಿಚಾರ ತಿಳಿಯದು. ಆದರೆ ಕಾಗದದ ವಿಚಾರ ತಿಳಿಯುತ್ತದೆ.

‘ಮಳೆಗಾಲದಾಗ ಹಳಿ ಕೊಚ್ಚಿಕೊಂಡು ಹೋದ್ರ ನಮ್ಮ ಇಂಜಿನಿಯರು ಏನ್ ಮಾಡ್ತಾರ್ರೀ? ಎಸ್ಟಿಮೇಟ್ ಮಂಜೂರಾಗಲಿ ಅಂತ ದಂಡಿ ಮ್ಯಾಲ ಕುಂದ್ರತಾರೇನು?’

‘ಇಲ್ಲ. ಅರ್ಜೆನ್ಸಿ ಸರ್ಟಿಫಿಕೇಟ್ ಬರದು ಕೆಲಸಾ ಶುರು ಮಾಡ್ತಾರ.’

‘ಎಸ್ಟಿಮೇಟ್?’

‘ಆಮ್ಯಾಲ ಕಳಿಸ್ತಾರ.’

‘ಕಳಿಸಲೇಬೇಕು, ಹೌದಲ್ಲ? ಕೆಲಸ ಮೊದಲು ಆಯ್ತು ಅಂತ ಎಸ್ಟಿಮೇಟ್ ಮಾಫಿ ಇಲ್ಲ. ಬರೀರಿ: ಒಂಬತ್ತು ಪಾಠ ಆಗ್ಯಾವ, ಮೂರು ಬಾಕಿ ಅದಾವ, ಕೆಲಸ ತುರ್ತು ಅದ. ಇದ್ದದ್ದು ಇದ್ದಂಗ ಬರೆದು ಸಹಿ ಮಾಡ್ರಿ. ಇದರಾಗ ಸುಳ್ಳೆಲ್ಲದ?’

ಅವರು ಚೀಟಿಯನ್ನು ನನ್ನ ಮೇಜಿನ ಮೇಲೆ ಹರಡಿದರು. ಆಮೇಲೆ ಕಿಸೆಯಿಂದ ಪೆನ್ಸಿಲ್ ತೆಗೆದರು. ಅವಸರದಲ್ಲಿ ಬಂದದ್ದು ನೀಲಿ. ಅದರಲ್ಲೇ ಬರೆದರು.

ಸಂಜೆ ನಾನೂ ಆಸ್ಪತ್ರೆಗೆ ಹೋದೆ. ಸಲಹೆ ಕೊಟ್ಟವಳು ಸ್ಥಳದಲ್ಲಿ ಹಾಜರಿರಬೇಕು. ಪಾಸ್ಟರ್ ಚೀಟಿ ಓದಿದರು, ಹುಬ್ಬೇರಿಸಿದರು, ಮಡಚಿ ಕಿಸೆಯಲ್ಲಿಟ್ಟುಕೊಂಡರು. ‘ಸಾಕು’ ಎಂದರು. ನಮ್ಮವರು ಸ್ಟೀಲ್ ತಂಬಿಗೆಯಲ್ಲಿ ನೀರು ತಂದು ಮಂಚದ ಬಳಿ ನಿಂತರು. ಅಷ್ಟರಲ್ಲಿ ನರ್ಸ್ ಓಡಿಬಂದು ತಂಬಿಗೆಯನ್ನು ಕಸಿದುಕೊಂಡಳು.

‘ಪೊದ್ದುನ ಆಪರೇಷನ್ ಉಂದಿ! ನೀಳ್ಳು ಇವ್ವಕೂಡದು!’

ಬೆಳಿಗ್ಗೆ ಆಪರೇಷನ್ ಇರುವವನಿಗೆ ನೀರು ಕೊಡಕೂಡದು ಎಂದು ಅವಳ ಗದರಿಕೆ. ನಮ್ಮವರಿಗೆ ನಿಯಮ ಎಂದರೆ ಸಾಕು. ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದರು. ಪಾಸ್ಟರ್‌ಗೆ ನಗು ಬಂತು.

‘ತಾಗಡಾನಿಕಿ ಕಾದಮ್ಮಾ, ತಲಮೀದಿಕಿ’ ಎಂದರು. ಕುಡಿಯುವುದಕ್ಕಲ್ಲ, ತಲೆಗೆ.

ಅವಳು ಅನುಮಾನದಿಂದಲೇ ತಂಬಿಗೆ ಹಿಂದಕ್ಕೆ ಕೊಟ್ಟಳು. ಒಂದು ಹನಿಯೂ ಬಾಯಿಗೆ ಹೋಗದ ಹಾಗೆ ಪಕ್ಕದಲ್ಲೇ ಕಾವಲು ನಿಂತಳು. ಮೂರು ಬೊಗಸೆ ನೀರು. ನನ್ನ ಗಡಿಯಾರದಲ್ಲಿ ಎರಡೂವರೆ ನಿಮಿಷ. ತಿಪ್ಪಣ್ಣ ಕಣ್ಣು ಮುಚ್ಚಿಕೊಂಡಿದ್ದ. ತುಟಿಗೆ ಜಾರಿದ ಒಂದು ಹನಿಯನ್ನು ನರ್ಸೇ ಸೆರಗಿನಿಂದ ಒರೆಸಿದಳು.

ಹೆಸರು ಬದಲಿಸುತ್ತಾರೇನೋ ಎಂದು ನನಗೆ ದಿಗಿಲಾಗಿತ್ತು, ಸರ್ವಿಸ್ ರಿಕಾರ್ಡ್ ತಿದ್ದುವವಳು ನಾನೇ ಆದ್ದರಿಂದ. ಬದಲಿಸಲಿಲ್ಲ. ತಿಪ್ಪಣ್ಣ ತಿಪ್ಪಣ್ಣನಾಗಿಯೇ ಉಳಿದ. ಬರೀ ಹೆಸರಿನಲ್ಲಲ್ಲ, ಆಸಾಮಿಯೇ ಉಳಿದ. ಆಪರೇಷನ್ ಸರಿಹೋಯಿತು. ಎರಡು ವಾರಕ್ಕೆ ಮಂಚದ ಮೇಲೆ ಎದ್ದು ಕೂತು ಗಂಜಿ ಕುಡಿದ.

ಸಭೆಯ ಕೆಲವರು ಗೊಣಗಿದರು: ಎಲ್ಲರಿಗೂ ಹನ್ನೆರಡು, ಇವನಿಗೆ ಒಂಬತ್ತು. ನನಗಂತೂ ಕೆಣಕಲು ಹೊಸ ಗಣಿಯೇ ಸಿಕ್ಕಿತು. ‘ನಿಮ್ಮ ರೋಗಿ ನಿಮಗ ಮೋಸ ಮಾಡಿದ ನೋಡ್ರಿ. ಸಾಯ್ತೀನಂತ ಹೇಳಿ ಸರ್ಟಿಫಿಕೇಟ್ ಬರಿಸಿಕೊಂಡು ಎದ್ದು ಕೂತ.’ ಅವರು ಕೊಡೆಯನ್ನು ಮೊಣಕಾಲಿಂದ ಮೊಣಕಾಲಿಗೆ ಬದಲಿಸಲಿಲ್ಲ. ನಗಲೂ ಇಲ್ಲ.

‘ಅಕ್ಕಾರ, ನಾನು ಅವನ ಮುಂದ ಹೋಗಿ ತಪ್ಪಾಯ್ತು ಅಂದೆ’ ಎಂದರು. ‘ನಾಲ್ಕು ಸಲ ಹಿಂದಕ್ಕ ಕಳಿಸಿದ್ದು ತಪ್ಪು ಅಂದೆ. ಅವ ಏನಂದ ಗೊತ್ತೇನ್ರಿ? “ಇರಲಿ ಬಿಡ್ರಿ ಸಾರ್, ಒಂದನೇ ಪಾಠ ಈಗ ನಿಮಗಿಂತ ಚಲೋ ಹೇಳ್ತೀನಿ. ಉಳದ ಮೂರು ಪಾಠ ಯಾವಾಗ?” ಅಂದ. ನೀರು ಬಿದ್ದಾದ ಮ್ಯಾಲ ಕೇಳ್ತಾನ್ರಿ! ಇನ್ನ ಅವಗ ಅದರಿಂದ ಏನ ಸಿಗಬೇಕಾಗೇತಿ?’

ಆ ಪ್ರಶ್ನೆಯನ್ನು ಅವರು ತಮಗೇ ಕೇಳಿಕೊಂಡಂತಿತ್ತು. ಹನ್ನೆರಡು ಪಾಠ ಹೇಳುತ್ತ ಬಂದ ಇಷ್ಟು ವರ್ಷಗಳಲ್ಲಿ, ದೀಕ್ಷಾಸ್ನಾನದ ಮರುದಿನ ಪಾಠ ಕೇಳಿಕೊಂಡು ಬಂದವನು ಒಬ್ಬನೂ ಇರಲಿಲ್ಲವಂತೆ.

ಅದಾದ ಎರಡು ತಿಂಗಳಿಗೆ ಕಚೇರಿಯಲ್ಲಿ ಸೋಜಿಗವೊಂದು ನಡೆಯಿತು. ಹತ್ತೊಂಬತ್ತು ವರ್ಷ ಹತ್ತಕ್ಕೆ ಐದು ನಿಮಿಷ ಮೊದಲೇ ಕೂತಿರುತ್ತಿದ್ದ ಮನುಷ್ಯ ಹತ್ತೂ ಹದಿನೇಳಕ್ಕೆ ಬೆವರೊರೆಸಿಕೊಳ್ಳುತ್ತ ಬಂದರು. ಮರುದಿನವೂ ಹತ್ತೂ ಹದಿನೇಳು. ಬೆಳಗಿನ ಲೋಕಲ್ಲಿನಲ್ಲಿ ನನ್ನೆದುರಿನ ಕಿಟಕಿ ಖಾಲಿ. ಮೂರನೆಯ ದಿನ ನಾನು ಕೆಂಪು ಪೆನ್ನು ಹಿಡಿದು ಅವರನ್ನೇ ನೋಡಿದೆ.

‘ಮನ್ಯಾಗ ಆರಾಮದಾರೇನ್ರಿ ಎಲ್ಲಾರೂ?’

‘ಎಲ್ಲಾ ಆರಾಮ. ತಿಪ್ಪಣ್ಣಂದು ಈ ವಾರ ರಾತ್ರಿ ಪಾಳಿ. ಎಂಟಕ್ಕ ಇಳೀತಾನ. ಸ್ಟೇಷನ್ನಿನ ಬೆಂಚಿನ ಮ್ಯಾಲ ಕುಂತು ಪಾಠ ಮಾಡೂದರಾಗ ನಮ್ಮ ಗಾಡಿ ಹೋಗಿಬಿಡ್ತೈತಿ.’

‘ಭಾನುವಾರದ ಕ್ಲಾಸು?’

‘ಅದೂ ಐತಿ. ಅದು ಬರಾಕ ಆಗೋರಿಗೆ. ಬರಾಕ ಆಗದವರ ಕಡೆ ನಾನ ಹೋಗ್ತೀನಿ. ರೋಸ್ಟರ್ ನನ್ನ ಕೈಯಾಗ ಐತಲ್ಲರಿ, ಯಾರು ಯಾವಾಗ ಎಲ್ಲಿರ್ತಾರ ಅಂತ ನನಗ ಗೊತ್ತು.’

ಪೆನ್ನಿನ ಮುಚ್ಚಳ ಹಾಕಿದೆ. ನನ್ನ ಸರ್ವಿಸ್ಸಿನಲ್ಲಿ ಅದೇ ಮೊದಲು. ‘ಏಳು ನಿಮಿಷ ಅಷ್ಟ. ಇರಲಿ ಬಿಡ್ರಿ’ ಎಂದೆ.

‘ಹಾಕ್ರಿ ಅಕ್ಕಾರ, ಗೆರಿ ಹಾಕ್ರಿ’ ಎಂದು ಅವರೇ ಮಸ್ಟರನ್ನು ನನ್ನ ಕಡೆ ತಳ್ಳಿದರು. ‘ರಕ್ಷಣೆ ಉಚಿತ. ಶಿಷ್ಯತ್ವಕ್ಕ ಸಿ.ಎಲ್. ಕಟ್ ಆಗ್ತೈತಿ. ನೀವು ಮಾಫಿ ಮಾಡಿದ್ರ ನಂದು ಏನ್ ಉಳೀತು?’

ಹಾಕಿದೆ. ಆ ವರ್ಷ ಅವರ ಸಿ.ಎಲ್. ಪೂರಾ ಕರಗಿತು. ಮುಂದಿನ ವರ್ಷವೂ. ಪಾಠ ಮೂರೇ ಬಾಕಿ ಇದ್ದದ್ದಲ್ಲವೇ, ಇಷ್ಟು ದಿನ ಯಾಕೆ ಎಂದು ಕೇಳಿದರೆ, ‘ಹುಡುಗ ಸ್ವಲ್ಪ ಮಂದರಿ’ ಎನ್ನುತ್ತಿದ್ದರು. ಮೂವತ್ತು ದಾಟಿದ ಆ ಹುಡುಗ ಮಂದ ಅಲ್ಲವೆಂದು ನನಗೆ ಗೊತ್ತಿತ್ತು. ಕೆದಕಲಿಲ್ಲ. ನಾವಿಬ್ಬರೂ ನಿವೃತ್ತರಾದೆವು. ಅವರು ಮಗಳ ಮನೆ ಹತ್ತಿರವೆಂದು ಕೂಕಟ್‌ಪಲ್ಲಿಯ ಫ್ಲ್ಯಾಟಿಗೆ ಹೋದರು. ಹಬ್ಬಕ್ಕೆ ಕೇಕು ಬರುತ್ತಿತ್ತು, ನಾನು ಎಳ್ಳುಬೆಲ್ಲ ಕಳಿಸುತ್ತಿದ್ದೆ. ಸಂಬಂಧಿಕರು, ಹಳಬರು ಯಾರಾದರೂ ತೀರಿಕೊಂಡರೆ ಫೋನು ಮಾಡಿ, ‘ಲೈನ್ ಕ್ಲಿಯರ್ ಸಿಕ್ಕಿತ್ರಿ ಅವರಿಗೆ’ ಎನ್ನುತ್ತಿದ್ದರು. ಮುಂದಿನ ಸ್ಟೇಷನ್ನಿನವರು ಗಾಡಿ ಬರಲಿ ಎಂದು ಕೊಡುವ ಒಪ್ಪಿಗೆಗೆ ನಮ್ಮಲ್ಲಿ ಲೈನ್ ಕ್ಲಿಯರ್ ಎನ್ನುತ್ತಾರೆ.

ಹೋದ ತಿಂಗಳು ಅವರಿಗೇ ಸಿಕ್ಕಿತು. ಮಣ್ಣಿಗೆ ಹೋದೆ. ಹಾಡಿದವರೆಲ್ಲ ಶ್ರುತಿಯಲ್ಲಿ ಹಾಡಿದರು. ನನಗೆ ಏನೋ ಕೊರತೆ ಅನಿಸಿತು. ಎಲ್ಲ ಮುಗಿದ ಮೇಲೆ ಕೂದಲು ಬೆಳ್ಳಗಾದ ಒಬ್ಬರು ಬಂದು ಕೈಮುಗಿದರು. ತಿಪ್ಪಣ್ಣ. ಬಗಲಲ್ಲಿ ಉದ್ದನೆಯ ರಿಜಿಸ್ಟರು, ರಟ್ಟು ಸವೆದದ್ದು. ಗೆರೆಗಳು ನನ್ನವು. ನೋಡಿದ ಕೂಡಲೇ ಗುರುತು ಹಿಡಿದೆ.

‘ನೋಡ್ರಿ ಅಕ್ಕಾರ’ ಎಂದು ತೆರೆದು ತೋರಿಸಿದ.

ಪುಟದ ಮೇಲೆ ಪುಟ ಅವನ ಹೆಸರು. ಒಂದರಿಂದ ಹನ್ನೊಂದರವರೆಗೆ ಹಾಜರಿಯ ಗುರುತು. ಹನ್ನೆರಡನೆಯ ಕಾಲಂ ಖಾಲಿ. ಕೆಳಗಿನ ಸಾಲಿನಲ್ಲಿ ಮತ್ತೆ ಅವನದೇ ಹೆಸರು, ಮತ್ತೆ ಹನ್ನೊಂದು, ಮತ್ತೆ ಖಾಲಿ. ಗೆರೆ ಹಾಕಿದ ಪುಟಗಳು ಮುಗಿದ ಮೇಲೆ ಅವರೇ ಸೊಟ್ಟಸೊಟ್ಟ ಗೆರೆ ಎಳೆದುಕೊಂಡಿದ್ದರು. ಹೋದ ತಿಂಗಳವರೆಗೆ.

‘ಇದ್ಯಾಕ ತಿಪ್ಪಣ್ಣ? ಯಾವತ್ತೂ ಮುಗೀಲೇ ಇಲ್ಲೇನು?’

‘ಮುಗಿಸಲಿಲ್ಲರಿ. ಮೊದಲನೇ ಸಲ ಹನ್ನೆರಡನೇ ಪಾಠದ ದಿನ ನಾನ ಕೇಳಿದ್ನಿ, ಸಾರ್, ಇದು ಆದ್ರ ನೀವು ಬರೋದಿಲ್ಲೇನ್ರಿ ಅಂತ. ಅವರು ಕೆಂಪು ಪೆನ್ಸಿಲ್ ಕಿಸೇದಾಗ ಇಟ್ಟರು. ಆಮ್ಯಾಲ ಪುಸ್ತಕ ಮುಚ್ಚಿ, ನಡಿ, ಒಂದಕ್ಕ ಹೋಗೂಣು ಅಂದ್ರು. ಅವತ್ತಿಂದ ಹಿಂಗ ನಡದೈತ್ರಿ. ಬಸ್ಸಿನಾಗ ಕೂಕಟ್‌ಪಲ್ಲಿಗೆ ನಾನ ಹೋಗ್ತಿದ್ನಿ. ಮಂಚದ ಮ್ಯಾಲ ಮಲಗಿದ್ರೂ ನಾಲ್ಕನೇದು ಹೇಳಿದ್ರು.’

ಹಿಂದೆ ಯಾವುದನ್ನು ಶಿಕ್ಷೆಯೆಂದು ಕೊಟ್ಟಿದ್ದರೋ ಅದನ್ನೇ ಇಬ್ಬರೂ ಸೇರಿ ಬಯಸಿ ಪಡೆದಿದ್ದರು. ನಾನು ಕನ್ನಡಕ ಒರೆಸಿಕೊಂಡೆ.

ತಿಪ್ಪಣ್ಣ ಚೀಲದಿಂದ ಹೊಸ ಉದ್ದನೆಯ ಪುಸ್ತಕ ತೆಗೆದ. ಸಭೆಯಲ್ಲಿ ಈಗ ನಾಲ್ಕು ಜನ ಕೇಳಿದ್ದಾರಂತೆ: ಇಬ್ಬರು ವಾಚ್‌ಮನ್‌ಗಳು, ಒಬ್ಬ ಆಟೋದವ, ಒಬ್ಬ ನರ್ಸ್. ಯಾರಿಗೂ ಭಾನುವಾರ ನೆಟ್ಟಗೆ ಬಿಡುವಿಲ್ಲ. ಇನ್ನು ಮುಂದೆ ಇವನು ಅವರ ಪಾಳಿ ನೋಡಿಕೊಂಡು ಹೋಗುತ್ತಾನಂತೆ.

‘ಗೆರಿ ಹಾಕಿಕೊಡ್ರಿ. ನಿಮ್ಮವು ಸೀದಾ ಬರ್ತಾವಂತ ಸಾರ್ ಹೇಳ್ತಿದ್ರು.’

‘ಹೆಂಗೂ ಮುಗಿಸೋದಿಲ್ಲ. ಹನ್ನೊಂದು ಕಾಲಂ ಸಾಕಲ್ಲ?’

‘ಹನ್ನೆರಡ ಇರಲಿರಿ. ಒಂದು ಖಾಲಿ ಉಳೀಬೇಕು.’

ಖಾಲಿ ಕಾಲಂ ಬಿಟ್ಟು ಒಂದು ಪುಟವನ್ನೂ ಮುಂದಕ್ಕೆ ಕಳಿಸಿದವಳಲ್ಲ ನಾನು. ಮನೆಗೆ ಬಂದು, ಹನ್ನೆರಡೂವರೆಯ ಊಟವನ್ನು ಎರಡಕ್ಕೆ ಮುಂದೂಡಿ, ಸ್ಕೇಲು ಹಿಡಿದು ಕೂತೆ. ಹನ್ನೊಂದು ಕಾಲಂಗಳು ಒಂದೇ ಅಳತೆಯಲ್ಲಿ ಬಂದವು. ಹನ್ನೆರಡನೆಯದು ಉಳಿದವಕ್ಕಿಂತ ಅರ್ಧ ಇಂಚು ಅಗಲವಾಯಿತು. ಸ್ಕೇಲು ಜಾರಿದ್ದರಿಂದ ಆದದ್ದಲ್ಲ.